ಮೆಹ್ತರ್ ಮಹಲಿನ ತೋಳು, ನಮ್ಮ ಮನೆಯ ಹಲಗೆ

ವಿಜಯಪುರಕ್ಕೆ ಹೋದವರು ಗೋಳಗುಮ್ಮಟ ನೋಡದೆ ಬರುವುದಿಲ್ಲ. ಹೊತ್ತು ಮಿಕ್ಕಿದರೆ ಇಬ್ರಾಹಿಂ ರೋಜಾ, ಇನ್ನೂ ಮಿಕ್ಕಿದರೆ ಮಲಿಕ್-ಎ-ಮೈದಾನ್ ತೋಪು. ಅಷ್ಟರಲ್ಲಿ ಬಿಸಿಲು ಏರಿರುತ್ತದೆ, ಮಕ್ಕಳು ಹಸಿವೆ ಎನ್ನುತ್ತವೆ, ಖಾನಾವಳಿಯ ಖಡಕ್ ರೊಟ್ಟಿ ಕರೆಯುತ್ತದೆ. ಜುಮ್ಮಾ ಮಸೀದಿಯಿಂದ ಅರಕಿಲ್ಲೆಯ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ನಿಂತಿರುವ ಮೆಹ್ತರ್ ಮಹಲಿನ ಮುಂದೆ ಟಾಂಗಾದವನು ಕುದುರೆ ನಿಲ್ಲಿಸಿದರೂ, ‘ಇಷ್ಟೇನಾ?’ ಎಂದು ಮುಂದೆ ಸಾಗುವವರೇ ಹೆಚ್ಚು. ಹೆಸರಿಗೆ ಮಹಲ್. ನಿಜದಲ್ಲಿ ಅದು ಅರಮನೆಯಲ್ಲ, ಒಳಗಿರುವ ಮಸೀದಿಯೊಂದಕ್ಕೆ ಕಟ್ಟಿಸಿದ ಹೆಬ್ಬಾಗಿಲು. ಎರಡು ತೆಳ್ಳನೆಯ ಮಿನಾರುಗಳ ನಡುವೆ, ಎತ್ತರದಲ್ಲಿ, ಗೋಡೆಯಿಂದ ಹೊರಕ್ಕೆ ಚಾಚಿಕೊಂಡ ಒಂದು ಕಲ್ಲಿನ ಮೊಗಸಾಲೆ ಕಿಟಕಿ. ಅಷ್ಟೇ.

ಕಳೆದ ಡಿಸೆಂಬರಿನಲ್ಲಿ ನಾನು ಅದರ ಮುಂದೆ ಮುಕ್ಕಾಲು ಗಂಟೆ ನಿಂತೆ. ಜತೆಗೆ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ನಲವತ್ತೆರಡು ಮಕ್ಕಳನ್ನೂ ನಿಲ್ಲಿಸಿದೆ. ಚರಿತ್ರೆಯ ಮೇಲಿನ ಪ್ರೀತಿಯಿಂದ ಎಂದರೆ ಸುಳ್ಳಾಗುತ್ತದೆ. ಅದಕ್ಕೆ ಮೂರು ವಾರಗಳ ಹಿಂದೆ ನಮ್ಮ ಮನೆಯ ಗೋಡೆಯಿಂದ ಒಂದು ಹಲಗೆ ಕಳಚಿ ಬಿದ್ದಿತ್ತು. ಆ ಹಲಗೆಯನ್ನು ಕೂಡಿಸಿದವನು ನಾನೇ. ಮೂವತ್ತು ವರ್ಷಗಳಿಂದ ಸನ್ನೆ, ತೂಕ, ತಿರುಗುಬಲ ಎಂದು ಕರಿಹಲಗೆಯ ಮೇಲೆ ಬರೆದು ಅಳಿಸಿದವನೂ ನಾನೇ.

ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ನಮ್ಮದು ಧಾರವಾಡದ ಹಳೆಯ ಓಣಿಯೊಂದರ ಮಣ್ಣಿನ ಗೋಡೆಯ ಮನೆ. ಗೋಡೆ ಎರಡಡಿ ದಪ್ಪ. ಬೇಸಿಗೆಯಲ್ಲಿ ತಂಪು, ಮಳೆಗಾಲದಲ್ಲಿ ಬೆಚ್ಚಗೆ. ಮೊಳೆ ಹೊಡೆದರೆ ಮಾತ್ರ ಮಣ್ಣು ಉದುರುತ್ತದೆ. ನಮ್ಮ ಅಣ್ಣನಿಗೆ ಹಾಡಿನ ಹುಚ್ಚು. ನೌಕರಿ ಸಿಕ್ಕ ಹೊಸತರಲ್ಲಿ, ಎರಡು ವರ್ಷ ಹಣ ಕೂಡಿಟ್ಟು, ಮರದ ಪೆಟ್ಟಿಗೆಯ ಎರಡು ದೊಡ್ಡ ಸ್ಪೀಕರುಗಳನ್ನು ತಂದಿದ್ದ. ಒಂದೊಂದೂ ಹದಿನಾಲ್ಕು ಕಿಲೋ. ಅವನು ತೀರಿಕೊಂಡ ಮೇಲೆ ಅವು ನಮ್ಮ ಮನೆಗೆ ಬಂದವು. ಎಂಬತ್ತೆರಡರ ನಮ್ಮ ಅವ್ವನಿಗೆ ಬೆಳಗಿನ ಚಹಾದೊಂದಿಗೆ ಮಲ್ಲಿಕಾರ್ಜುನ ಮನಸೂರರ ದನಿ ಕೇಳಬೇಕು. ಚಿಕ್ಕ ಮಷಿನ್ನಿನಲ್ಲಿ ಹಾಕಿದರೆ, ‘ಇದು ತಗಡಿನ ಡಬ್ಬಿ. ದೊಡ್ಡವನ ಪೆಟಗೀಯೊಳಗ ಹಾಕು’ ಎನ್ನುತ್ತಾಳೆ. ಹಾಡು ಕೇಳುವ ನೆಪದಲ್ಲಿ ಅವಳು ಯಾರನ್ನು ಕೇಳಿಸಿಕೊಳ್ಳುತ್ತಾಳೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾರೂ ಆಡುವುದಿಲ್ಲ.

ಅವ್ವನ ಕೋಣೆ ಸಣ್ಣದು. ನೆಲದ ಮೇಲೆ ಇಟ್ಟರೆ ಒರೆಸುವ ನೀರು ಪೆಟ್ಟಿಗೆಯ ಬುಡಕ್ಕೆ ಇಳಿಯುತ್ತದೆ. ದನಿಯೂ ಕಿವಿಗಿಂತ ಮೊದಲು ಮೊಳಕಾಲಿಗೆ ಕೇಳುತ್ತದೆ. ಹಾಗಾಗಿ ಅವಳ ಮಂಚದ ಆಚೀಚೆ, ಕುಳಿತವರ ಕಿವಿಯ ಮಟ್ಟಕ್ಕೆ, ಎರಡು ಹಲಗೆ ಕೂಡಿಸಿದೆ. ಪೇಟೆಯಿಂದ ಕಬ್ಬಿಣದ ಎಲ್ ಆಕಾರದ ಬ್ರಾಕೆಟ್ಟು ತಂದೆ. ರಾವಲ್ ಪ್ಲಗ್ಗು ತಂದೆ. ಒಂದೂವರೆ ಇಂಚಿನ ತಿರುಪು ಮೊಳೆ ತಂದೆ. ಭಾನುವಾರ ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ನಟ್ಟನಡುವೆ. ನನಗೆ ನನ್ನ ಮೇಲೆಯೇ ಹೆಮ್ಮೆಯಾಯಿತು.

ಎಂಟು ತಿಂಗಳು ನಿಂತಿತು. ನವೆಂಬರಿನ ಒಂದು ಸಂಜೆ ಅವ್ವ ಚಹಾಕ್ಕೆಂದು ಎದ್ದು ಪಡಸಾಲೆಗೆ ಬಂದಳು. ಅವಳ ಕೈಗೆ ನಮ್ಮ ಮನೆಯಾಕೆ ಕಪ್ಪು ಕೊಡುತ್ತಿದ್ದಂತೆ ಒಳಗೆ ದಡಾರ್ ಎಂದಿತು. ಬಲಗಡೆಯ ಹಲಗೆ, ಬ್ರಾಕೆಟ್ಟು, ಹಿಡಿ ಹಿಡಿ ಮಣ್ಣು, ಹದಿನಾಲ್ಕು ಕಿಲೋದ ಪೆಟ್ಟಿಗೆ ಎಲ್ಲವೂ ಅವಳ ತಲೆದಿಂಬಿನ ಮೇಲೆ. ದಿಂಬಿನಲ್ಲಿ ಅವಳ ತಲೆಯ ಗುಳಿ ಇನ್ನೂ ಹಾಗೇ ಇತ್ತು.

ಅಂದು ರಾತ್ರಿ ನಾನು ಊಟ ಮಾಡಲಿಲ್ಲ. ಉಳಿದ ಇನ್ನೊಂದು ಹಲಗೆಯನ್ನು ಆಗಲೇ ಬಿಚ್ಚಿ ಇಳಿಸಿದೆ. ಅವ್ವ ಮಾತ್ರ, ‘ಪೆಟಗಿಗೆ ಏನೂ ಆಗಿಲ್ಲಲ್ಲ?’ ಎಂದು ಎರಡು ಸಲ ಕೇಳಿದಳು.

ಇಷ್ಟಾದ ಮೇಲೆ ಶಾಲೆಯ ಪ್ರವಾಸ ಬಂತು. ಬೆಳಗಿನ ಐದಕ್ಕೆ ಧಾರವಾಡ ಬಿಟ್ಟೆವು. ಹುಬ್ಬಳ್ಳಿ ದಾಟಿ ನವಲಗುಂದ, ನರಗುಂದ. ಎರೆಹೊಲದಲ್ಲಿ ಬಿಳಿಜೋಳ ಎದೆಮಟ್ಟ, ನಡುನಡುವೆ ಕಡಲೆ, ಅಲ್ಲಲ್ಲಿ ಹತ್ತಿ ಬಿಡಿಸುವವರ ಸಾಲು. ಕೊಲ್ಹಾರದ ಹತ್ತಿರ ಕೃಷ್ಣೆಯ ಸೇತುವೆ ಬಂದಾಗ ಮಕ್ಕಳು ಕಿಟಕಿಗೆ ಮುಗಿಬಿದ್ದರು. ಆಲಮಟ್ಟಿಯ ಹಿನ್ನೀರು ತುಂಬಿ ನಿಂತ ಕಾಲದಲ್ಲಿ ಅದು ನದಿಯಂತೆ ಕಾಣುವುದಿಲ್ಲ, ಸಮುದ್ರವೇ ತಪ್ಪಿ ಇತ್ತ ಬಂದಂತೆ ಕಾಣುತ್ತದೆ. ನಾನು ಸೇತುವೆಯ ಕಂಬಗಳನ್ನು ಎಣಿಸುತ್ತಿದ್ದೆ. ಆ ದಿನಗಳಲ್ಲಿ ನನಗೆ ಕಣ್ಣಿಗೆ ಬಿದ್ದದ್ದೆಲ್ಲ, ಯಾವುದು ಯಾವುದರ ಮೇಲೆ ನಿಂತಿದೆ ಎಂಬ ಪ್ರಶ್ನೆಯೇ.

ಗೋಳಗುಮ್ಮಟ ತಲುಪಿದಾಗ ಹತ್ತೂವರೆ. ಆಗಲೇ ಐದಾರು ಶಾಲೆಗಳ ಬಸ್ಸು. ಪಾಲಕರಿಗೆ ಒಂದು ಮಾತು: ಪಿಸುಗುಟ್ಟುವ ಗ್ಯಾಲರಿಯ ಸೊಗಸು ಬೇಕಾದರೆ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಒಳಗಿರಬೇಕು. ಹತ್ತರ ಮೇಲೆ ಅಲ್ಲಿ ಪಿಸುಮಾತಿಲ್ಲ, ಸಂತೆ. ಒಬ್ಬ ‘ಹೋ’ ಎಂದರೆ ಗುಮ್ಮಟ ಹತ್ತು ಸಲ ‘ಹೋ’ ಎನ್ನುತ್ತದೆ. ಇನ್ನೂರು ಮಕ್ಕಳು ಒಟ್ಟಿಗೆ ಕೂಗಿದರೆ ಏನಾಗಬಹುದು, ನೀವೇ ಲೆಕ್ಕ ಹಾಕಿ. ಅಂದು ಹೊರಗಿನಿಂದ ನೋಡಿ, ಮರುದಿನ ಬೆಳಿಗ್ಗೆ ಒಳಗೆ ಹೋಗುವುದೆಂದು ನಿರ್ಧರಿಸಿದೆವು.

ಹೊರಗಿನಿಂದ ನೋಡಿದ್ದೂ ಲಾಭವೇ ಆಯಿತು. ಎಲ್ಲರೂ ಗುಮ್ಮಟವನ್ನು ನೋಡುತ್ತಾರೆ. ಹೊರವ್ಯಾಸ ಸುಮಾರು 44 ಮೀಟರ್. 1656ರಲ್ಲಿ ಮಹಮ್ಮದ್ ಆದಿಲ್ ಶಾಹ ತೀರಿಕೊಂಡಾಗ ಅವನನ್ನು ಹೂಳಿದ್ದು ಇದರ ಕೆಳಗೆ. ಆದರೆ ಕಣ್ಣನ್ನು ಸ್ವಲ್ಪ ಕೆಳಗಿಳಿಸಿದರೆ, ನಾಲ್ಕೂ ಗೋಡೆಯ ಮೇಲ್ಭಾಗದಲ್ಲಿ ಹತ್ತಡಿಗೂ ಮಿಕ್ಕಿ ಹೊರಕ್ಕೆ ಚಾಚಿದ ಕಲ್ಲಿನ ಛಜ್ಜೆ ಕಾಣುತ್ತದೆ. ಅದರ ಕೆಳಗೆ ಒತ್ತೊತ್ತಾಗಿ ಕಲ್ಲಿನ ಬ್ರಾಕೆಟ್ಟುಗಳ ಸಾಲು. ಮೂರೂವರೆ ಶತಮಾನದಿಂದ ಒಂದೇ ಸಮನೆ ಹೊತ್ತು ನಿಂತಿದೆ. ನನ್ನ ಹಲಗೆ ಹನ್ನೆರಡು ಇಂಚು ಚಾಚಿತ್ತು, ಎಂಟು ತಿಂಗಳು ನಿಂತಿತ್ತು.

ಅಲ್ಲಿಂದ ಮೆಹ್ತರ್ ಮಹಲಿಗೆ. ಗೋಳಗುಮ್ಮಟದ ಬ್ರಾಕೆಟ್ಟು ಮುಗಿಲಿನ ಹತ್ತಿರ ಇರುವುದರಿಂದ ಅದರ ಮೈಕಟ್ಟು ತಿಳಿಯುವುದಿಲ್ಲ. ಇಲ್ಲಿ ಹಾಗಲ್ಲ, ಕತ್ತೆತ್ತಿದರೆ ಸಾಕು. ಹೊರಚಾಚಿದ ಮೊಗಸಾಲೆಯ ಅಡಿಯಿಂದ ಗೋಡೆಯ ಕಡೆಗೆ ಓರೆಯಾಗಿ ಇಳಿದು ಬರುವ ಕಲ್ಲಿನ ತೋಳುಗಳು. ಅವುಗಳ ಮೇಲೆ ಹಕ್ಕಿಗಳು, ಹಂಸಗಳ ಸಾಲು, ಬಳ್ಳಿ. ಎಷ್ಟು ಸಣ್ಣ ಕೆತ್ತನೆ ಎಂದರೆ, ಕಲ್ಲು ಎಂಬುದೇ ಮರೆತುಹೋಗುತ್ತದೆ.

‘ಸರ್, ಇದು ಕಲ್ಲಿನ ಕೆಲಸ ಅಲ್ರಿ, ಕಟಗೀ ಕೆಲಸ ಐತ್ರಿ’ ಎಂದಳು ಒಬ್ಬ ಹುಡುಗಿ. ಅವಳ ತಂದೆ ಬಡಿಗತನ ಮಾಡುವವರು.

‘ಕಲ್ಲೇ ಅದು, ಮುಟ್ಟಿ ನೋಡಿದವರು ಹೇಳ್ಯಾರ’ ಎಂದೆ.

‘ಕಲ್ಲು ಖರೆ ರೀ. ಆದ್ರ ಮಾಡಿದಾಂವ ಬಡಿಗ್ಯಾನ ಹಂಗ ವಿಚಾರ ಮಾಡ್ಯಾನ್ರಿ. ನಮ್ಮಪ್ಪಾನೂ ಫಳೀ ಕೂಡಿಸಬೇಕಾದ್ರ ಕೆಳಗ ಹಿಂಗ ಓರೆ ಆಸರ ಕೊಡತಾನ್ರಿ. ಆಸರ ಉದ್ದ ಇದ್ದಷ್ಟು ಚೊಲೋ ಅಂತಾನ್ರಿ.’

ಹುಡುಗಿ ಹೇಳಿದ್ದು ಸರಿ. ವಿದ್ವಾಂಸರೂ ಈ ಕಟ್ಟಡದ ಬಗ್ಗೆ ಬರೆಯುವಾಗ ಮರಗೆಲಸವನ್ನೇ ನೆನೆಯುತ್ತಾರೆ. ನಾನು ಅಲ್ಲೇ ರಸ್ತೆಬದಿಯ ಧೂಳಿನ ಮೇಲೆ ಕಡ್ಡಿಯಿಂದ ಚಿತ್ರ ಬರೆದೆ. ಮನೆಯ ಕಥೆಯನ್ನೂ ಹೇಳಿದೆ. ಮೇಷ್ಟರ ಹಲಗೆ ಬಿತ್ತು ಎಂದರೆ ಮಕ್ಕಳಿಗೆ ಎಷ್ಟು ಖುಷಿ! ಆ ದಿನ ಅವರು ಕೇಳಿಸಿಕೊಂಡಷ್ಟು ಗಮನದಿಂದ ನನ್ನ ಯಾವ ಪಾಠವನ್ನೂ ಕೇಳಿಸಿಕೊಂಡಿರಲಿಲ್ಲ.

ಲೆಕ್ಕ ಹೀಗೆ. ಪೆಟ್ಟಿಗೆ 14 ಕಿಲೋ, ಹಲಗೆ 3 ಕಿಲೋ, ಒಟ್ಟು 17. ಪೆಟ್ಟಿಗೆಯ ಹಿಂದೆ ತಂತಿಗೆಂದು ಎರಡು ಇಂಚು ಜಾಗ ಬಿಟ್ಟಿದ್ದೆ. ಸ್ಪೀಕರಿನ ಅಯಸ್ಕಾಂತ ಇರುವುದು ಮುಂಭಾಗದಲ್ಲಿ, ಹಾಗಾಗಿ ಪೆಟ್ಟಿಗೆಯ ತೂಕ ಮುಂದಕ್ಕೇ ವಾಲಿರುತ್ತದೆ. ಒಟ್ಟು ಭಾರ ಗೋಡೆಯಿಂದ ಸುಮಾರು 20 ಸೆಂಟಿಮೀಟರ್ ದೂರದಲ್ಲಿ ಕೆಲಸ ಮಾಡುತ್ತಿತ್ತು ಎನ್ನಿ. 17ನ್ನು 20ರಿಂದ ಗುಣಿಸಿದರೆ 340. ಇದು ಹಲಗೆಯನ್ನು ಮುಂದಕ್ಕೆ ಮಗುಚುವ ಶಕ್ತಿ, ಕಿಲೋ-ಸೆಂಟಿಮೀಟರಿನಲ್ಲಿ. (ಬಲವನ್ನು ನ್ಯೂಟನ್ನಿನಲ್ಲಿ ಹೇಳಬೇಕು. ಮನೆಗೆಲಸಕ್ಕೆ ಕಿಲೋ ಸಾಕು. ಪರೀಕ್ಷೆಯಲ್ಲಿ ಹೀಗೆ ಬರೆದು ಅಂಕ ಕಳೆದುಕೊಂಡರೆ ನನ್ನನ್ನು ಬೈಯಬೇಡಿ.)

ಈ ಮಗುಚುವಿಕೆಯನ್ನು ತಡೆಯುವವರು ಯಾರು? ಬ್ರಾಕೆಟ್ಟಿನ ಕೆಳತುದಿ ಗೋಡೆಯನ್ನು ಒತ್ತುತ್ತದೆ. ಮೇಲಿನ ತಿರುಪು ಗೋಡೆಯಿಂದ ಕಿತ್ತು ಬರಲು ನೋಡುತ್ತದೆ. ಇವೆರಡರ ನಡುವಿನ ಅಂತರ ಹೆಚ್ಚಿದ್ದಷ್ಟು ತಿರುಪಿನ ಮೇಲಿನ ಎಳೆತ ಕಡಿಮೆ. ನನ್ನ ಬ್ರಾಕೆಟ್ಟಿನ ಒಂದು ತೋಳು ಎಂಟು ಇಂಚು, ಇನ್ನೊಂದು ಆರು. ಹಲಗೆ ಅಗಲ ಇದೆಯಲ್ಲ ಎಂದು ಉದ್ದನೆಯ ತೋಳನ್ನು ಹಲಗೆಯ ಕೆಳಗೆ ಕೊಟ್ಟು, ಮೋಟು ತೋಳನ್ನು ಗೋಡೆಗೆ ಕೊಟ್ಟಿದ್ದೆ. ಮೇಲಿನ ತಿರುಪಿಗೂ ಕೆಳತುದಿಗೂ ಅಂತರ ಬರೀ 12 ಸೆಂಟಿಮೀಟರ್. 340ನ್ನು 12ರಿಂದ ಭಾಗಿಸಿದರೆ 28 ಕಿಲೋ ಚಿಲ್ಲರೆ. ಎರಡು ಬ್ರಾಕೆಟ್ಟಿಗೆ ಹಂಚಿದರೆ ಒಂದೊಂದು ತಿರುಪಿಗೆ 14.

‘ಹದಿನಾಕ ಕಿಲೋಕ್ಕ ಕಿತ್ತು ಬರತೈತೇನ್ರಿ ಸರ್?’ ಹಿಂದೆ ನಿಂತ ಹುಡುಗನ ಪ್ರಶ್ನೆ.

ಒಳ್ಳೆಯ ಇಟ್ಟಿಗೆಯ ಗೋಡೆಯಾಗಿದ್ದರೆ ಬರುತ್ತಿರಲಿಲ್ಲ. ರಾವಲ್ ಪ್ಲಗ್ಗಿನ ಗುಟ್ಟು ಇಷ್ಟೇ: ತಿರುಪು ಒಳಹೋದಂತೆ ಅದು ಉಬ್ಬುತ್ತದೆ, ಸುತ್ತಲಿನ ಗಟ್ಟಿ ಗೋಡೆ ಅದನ್ನು ಮರಳಿ ಒತ್ತುತ್ತದೆ, ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಹಿಡಿತ. ಗೋಡೆ ಮರಳಿ ಒತ್ತದಿದ್ದರೆ ಹಿಡಿತ ಎಲ್ಲಿಯದು? ನಮ್ಮದು ಮೇಲೆ ಒಂದು ಇಂಚು ಗಿಲಾವು, ಒಳಗೆ ಮಣ್ಣು. ನನ್ನ ಒಂದೂವರೆ ಇಂಚಿನ ತಿರುಪು ಬ್ರಾಕೆಟ್ಟಿನ ದಪ್ಪ ಕಳೆದು ಗಿಲಾವು ದಾಟಿ ಮಣ್ಣಿಗೆ ಮೂಗು ತಾಗಿಸಿ ನಿಂತಿತ್ತು. ಮೇಲಾಗಿ ದಿನವೂ ಹಾಡಿನ ನಡುಕ. ತಬಲಾದ ಎಡದ ಪೆಟ್ಟು ಬಿದ್ದಾಗ ಹಲಗೆಯ ಮೇಲೆ ಕೈಯಿಟ್ಟರೆ ಗೊತ್ತಾಗುತ್ತಿತ್ತು.

ಇಷ್ಟು ಹೇಳಿ, ಎಲ್ಲ ತಿಳಿದವನಂತೆ ಕೈಯ ಧೂಳು ಕೊಡವಿಕೊಂಡೆ. ಆದರೂ ಮನಸ್ಸಿನಲ್ಲಿ ಒಂದು ಮುಳ್ಳು. ಎಂಟು ತಿಂಗಳು ನಿಂತದ್ದು, ಹಾಡು ಹಾಕದ ಹೊತ್ತಿನಲ್ಲಿ, ಅದೂ ಅವ್ವ ಎದ್ದ ಮರುಕ್ಷಣವೇ ಏಕೆ ಬಿತ್ತು? ಮತ್ತು ಬಲಗಡೆಯದೇ ಏಕೆ?

ಕಲ್ಲಿನ ತೋಳಿನ ಬಗ್ಗೆ ಇನ್ನೆರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಕಲ್ಲು ಒತ್ತಡಕ್ಕೆ ಗಟ್ಟಿ, ಎಳೆತಕ್ಕೆ ಹೇಡಿ. ಬರಿಯ ಒಂದು ಚಪ್ಪಡಿಯನ್ನು ಗೋಡೆಯಿಂದ ಹೊರಗೆ ಚಾಚಿ ಮೇಲೆ ಭಾರ ಹೇರಿದರೆ ಅದರ ಮೇಲ್ಮೈ ಹಿಗ್ಗಲು ನೋಡುತ್ತದೆ, ಹಿಗ್ಗಲಾರದೆ ಬಿರುಕು ಬಿಡುತ್ತದೆ. ಕೆಳಗಿನಿಂದ ಓರೆಯಾಗಿ ಒಂದು ಆಸರೆ ಕೊಟ್ಟರೆ ಭಾರ ಆ ಆಸರೆಯ ಉದ್ದಕ್ಕೂ ಒತ್ತಡವಾಗಿ ಇಳಿದು ಗೋಡೆಗೆ ಸೇರುತ್ತದೆ. ಕಲ್ಲಿಗೆ ಅದು ಒಗ್ಗಿದ ಕೆಲಸ. ಇನ್ನು ಗೋಡೆಯೊಳಗೆ ಹುದುಗಿದ ಚಪ್ಪಡಿಯ ಬಾಲದ ಮೇಲೆ ಗೋಡೆಯ ತೂಕವೇ ಕುಳಿತಿರುತ್ತದೆ. ಸನ್ನೆಗೋಲಿನ ಒಂದು ತುದಿಯ ಮೇಲೆ ಆನೆ ಕುಳಿತಂತೆ. ಇಲ್ಲಿ ಮೊಳೆಯೂ ಇಲ್ಲ, ತಿರುಪೂ ಇಲ್ಲ.

ಮರುದಿನ ಬೆಳಿಗ್ಗೆ ಗೋಳಗುಮ್ಮಟದ ಮೊದಲ ಟಿಕೆಟ್ಟು ನಮ್ಮದೇ. ನಾಲ್ಕು ಮೂಲೆಗೆ ಏಳು ಅಂತಸ್ತಿನ ಎಂಟುಮೂಲೆಯ ಗೋಪುರಗಳು, ಅವುಗಳ ಒಳಗೆ ಮೆಟ್ಟಿಲು. ಇಕ್ಕಟ್ಟು, ಕಡಿದು, ಕತ್ತಲೆ. ಮಕ್ಕಳು ಕೋತಿಗಳಂತೆ ಹಾರಿಹೋದರು. ನಾನು ಹಿಂದೆ ಉಳಿದೆ. ನನ್ನ ಮುಂದೆ ಒಬ್ಬ ಅಜ್ಜಿ, ಇಳಕಲ್ ಸೀರೆ ಎತ್ತಿ ಕಟ್ಟಿಕೊಂಡು, ಮೊಮ್ಮಗನ ಜತೆ ಏರುತ್ತಿದ್ದಳು. ಒಂದೊಂದು ಮೆಟ್ಟಿಲಿಗೂ ಎಡಗೈಯನ್ನು ಗೋಡೆಗೆ ಊರಿ, ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿ, ಆಮೇಲೆ ಕಾಲು ಎತ್ತುತ್ತಿದ್ದಳು. ಅವಳ ಕೈ ಬಿದ್ದ ಎತ್ತರದಲ್ಲಿ ಗೋಡೆ ನುಣುಪಾಗಿ, ಕಪ್ಪಾಗಿ, ಎಣ್ಣೆ ಸವರಿದಂತೆ ಮಿರುಗುತ್ತಿತ್ತು. ಎಷ್ಟು ಕಾಲದ ಎಷ್ಟು ಕೈಗಳೋ.

ಎಣ್ಣೆ ಸವರಿದಂಥ ಆ ಕಪ್ಪನ್ನು ನಾನು ಇನ್ನೆಲ್ಲಿಯೋ ಕಂಡಿದ್ದೆ. ನಾಲ್ಕನೆಯ ಅಂತಸ್ತಿನಲ್ಲಿ ನೆನಪಾಯಿತು. ಬಿದ್ದ ಹಲಗೆಯ ಮುಂಗಟ್ಟಿನಲ್ಲಿ, ಅಂಗೈ ಅಗಲದ ಒಂದು ಕಲೆ. ಹೆರಳಿಗೆ ಹಾಕುವ ಕೊಬ್ಬರಿ ಎಣ್ಣೆಯ ಕೈ. ಹಲಗೆ ಒರೆಸುವಾಗ ಅದನ್ನು ನೋಡಿ, ‘ಪಾಲಿಶ್ ಸರಿ ಇಲ್ಲ’ ಎಂದುಕೊಂಡಿದ್ದೆ.

ಅವ್ವ ಮಂಚದಿಂದ ಏಳುವಾಗ ಬಲಗೈಯಲ್ಲಿ ಆ ಹಲಗೆಯ ಅಂಚು ಹಿಡಿದು ಏಳುತ್ತಿದ್ದಳು. ದಿನಕ್ಕೆ ಎಂಟು ಸಲವೋ ಹತ್ತು ಸಲವೋ. ಹಿಡಿಯದೆ ಏಳಲು ಅವಳಿಗೆ ಆಗುತ್ತಿರಲಿಲ್ಲ. ಅದು ನನಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದೂ ಗೊತ್ತಿರಲಿಲ್ಲ.

ಮೆಟ್ಟಿಲ ಮೇಲೆ ಕುಳಿತು ಹಿಂದಿನ ದಿನದ ಲೆಕ್ಕವನ್ನು ಮತ್ತೆ ಮಾಡಿದೆ. ಕೈಯ ಭಾರ 20 ಕಿಲೋ ಎಂದರೂ, ಅದು ಬೀಳುವುದು ಹಲಗೆಯ ತುತ್ತತುದಿಯಲ್ಲಿ, ಗೋಡೆಯಿಂದ 32 ಸೆಂಟಿಮೀಟರ್ ದೂರ. ಮಗುಚುವ ಶಕ್ತಿ 640. ಸ್ಪೀಕರಿನದು 340 ಮಾತ್ರ. ಹದಿನಾಲ್ಕು ಕಿಲೋದ ಪೆಟ್ಟಿಗೆಗಿಂತ ನಮ್ಮ ಅವ್ವನ ಬಡಕಲು ಕೈಯೇ ಹಲಗೆಗೆ ಹೆಚ್ಚು ಭಾರ. ಎರಡೂ ಸೇರಿ 980. ಹನ್ನೆರಡರಿಂದ ಭಾಗಿಸಿದರೆ ಮೇಲಿನ ತಿರುಪುಗಳ ಮೇಲೆ 80 ಕಿಲೋ ಮೀರಿದ ಎಳೆತ. ಪ್ರತಿ ಸಲವೂ ಕೂದಲೆಳೆಯಷ್ಟು ಹೊರಗೆ ಬಂದು, ಬಂದು, ಆ ಸಂಜೆ ಅವಳು ಕೈಬಿಟ್ಟ ಮೇಲೆ ಪೂರ್ತಿ ಕಳಚಿತ್ತು. ಒಂದು ಗಳಿಗೆ ಮುಂಚೆ ಕಳಚಿದ್ದರೆ?

ಮೇಲೆ ಗ್ಯಾಲರಿಯಲ್ಲಿ ಮಕ್ಕಳು ಗೋಡೆಗೆ ಕಿವಿಯಾನಿಸಿ ಕುಳಿತಿದ್ದರು. ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿ, ಗುಮ್ಮಟದ ಬುಡದ ಸುತ್ತ, ಹನ್ನೊಂದು ಅಡಿ ಅಗಲದ ಗ್ಯಾಲರಿ ಒಳಕ್ಕೆ ಚಾಚಿಕೊಂಡಿದೆ. ಅದೂ ಒಂದು ಹಲಗೆಯೇ ನೋಡಿ, ಉಂಗುರದ ಆಕಾರದ ಹಲಗೆ. ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳಲು ನೋಡುತ್ತದೆ. ಒಳಕ್ಕೆ ಚಾಚಿದ ಈ ಭಾರ ಅದನ್ನು ಒಳಗಿನ ಕಡೆಗೆ ಎಳೆದು ಸರಿತೂಗಿಸುತ್ತದೆ ಎಂದು ವಾಸ್ತುಶಿಲ್ಪ ಬಲ್ಲವರು ವಿವರಿಸುತ್ತಾರೆ. ಚಾಚಿಕೊಂಡದ್ದೆಲ್ಲ ಗೋಡೆಗೆ ಹೊರೆಯೇ ಎಂದುಕೊಂಡಿದ್ದ ನನಗೆ ಇದು ಹೊಸದು.

ದನಿಯ ಲೆಕ್ಕವನ್ನು ಮಕ್ಕಳೇ ಮಾಡಿದರು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಚಪ್ಪಾಳೆಯ ಸದ್ದು ಎದುರು ಗೋಡೆಗೆ ಹೋಗಿ ಬರಬೇಕಾದರೆ 76 ಮೀಟರ್. ಸೆಕೆಂಡಿಗೆ 340 ಮೀಟರಿನ ಲೆಕ್ಕದಲ್ಲಿ 0.22 ಸೆಕೆಂಡು. ನಮ್ಮ ಕಿವಿಗೆ ಎರಡು ಸದ್ದು ಬೇರೆಬೇರೆಯಾಗಿ ಕೇಳಲು ಸುಮಾರು 0.1 ಸೆಕೆಂಡಿನ ಅಂತರ ಸಾಕು, ಹಾಗಾಗಿ ಪ್ರತಿಧ್ವನಿ ಸ್ಪಷ್ಟ. ಪಿಸುಮಾತಿನದು ಬೇರೆ ಬಗೆ. ಅದು ನೇರವಾಗಿ ಅಡ್ಡ ಹಾಯುವುದಲ್ಲ, ಬಾಗಿದ ಗೋಡೆಯನ್ನು ತಬ್ಬಿಕೊಂಡು ತೆವಳುತ್ತ ಹೋಗುತ್ತದೆ. ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯ ಇಂಥದೇ ಗ್ಯಾಲರಿಯನ್ನು ನೋಡಿ ಲಾರ್ಡ್ ರ್‍ಯಾಲೆ ಇದನ್ನು ವಿವರಿಸಿದರು. 1921ರಲ್ಲಿ ನಮ್ಮ ಸಿ.ವಿ. ರಾಮನ್ ಅಲ್ಲಿಗೆ ಹೋದಾಗ ಸುಮ್ಮನೆ ಕೇಳಿ ಬರಲಿಲ್ಲ, ಪ್ರಯೋಗ ಮಾಡಿ ನೋಡಿದರು. ಬಡಿಗೇರರ ಹುಡುಗಿ ಎದುರು ಗೋಡೆಯಿಂದ ಪಿಸುಗುಟ್ಟಿದ್ದು ನನ್ನ ಕಿವಿಯ ಪಕ್ಕದಲ್ಲೇ ಕೇಳಿತು. ‘ಸರ್, ನಮ್ಮಪ್ಪನ್ನ ಕಳಸಲೇನ್ರಿ?’

ಊರಿಗೆ ಬಂದ ದಿನವೇ ಅವ್ವನನ್ನು ಕೇಳಿದೆ. ‘ಅವ್ವಾ, ಏಳಬೇಕಾದ್ರ ಆ ಫಳೀ ಹಿಡಕೊಂಡು ಏಳತಿದ್ದೇನು?’

‘ಹೂಂ ತಮ್ಮಾ. ಏನರ ಬೇಕಲ್ಲ ಹಿಡಿಯಾಕ.’

‘ಹೇಳಬಾರದಿತ್ತೇನು?’

‘ಏನಂತ ಹೇಳಲಿ? ದೊಡ್ಡವನ ಪೆಟಗಿಗಂತ ಮಾಡಿದ್ದಿ. ಚೊಲೋ ಹಿಡಕೀ ಆಗಿತ್ತು.’

ಮುಂದಿನ ಭಾನುವಾರ ಬಡಿಗೇರರು ಬಂದರು. ಗೋಡೆಗೆ ಬೆರಳಿನಿಂದ ಕುಟ್ಟಿ ಕೇಳಿದರು. ವೈದ್ಯರು ಎದೆಗೆ ಕುಟ್ಟಿ ನೋಡಿದಂತೆ. ‘ಈ ಗ್ವಾಡಿಗೆ ಸ್ಕ್ರೂ ಹಿಡಿಯಂಗಿಲ್ರಿ ಮಾಸ್ತರ. ಆರಪಾರ ಬೋಲ್ಟ್ ಹಾಕೂಣು. ಮತ್ತ ಭಾರಾ ನೆಲಕ್ಕ ಇಳಿಸೂಣು’ ಎಂದರು. ಕೆಲಸ ಹೇಗಾಯಿತೆಂದರೆ, ಹಲಗೆಗೆ ಎರಡರಂತೆ, ಮೂರು ಇಂಚು ಎರಡು ಇಂಚಿನ ಸಾಗವಾನಿ ಪಟ್ಟಿಗಳನ್ನು ನೆಲದಿಂದಲೇ ಎದ್ದು ನಿಲ್ಲುವಂತೆ ಗೋಡೆಗೆ ಆನಿಸಿದೆವು. ಪೆಟ್ಟಿಗೆಯ ತೂಕ ಪಟ್ಟಿಯ ಮೂಲಕ ನೆಲಕ್ಕೆ ಇಳಿಯುತ್ತದೆ, ಗೋಡೆ ಬರಿಯ ಮಗುಚದಂತೆ ಹಿಡಿದುಕೊಂಡರೆ ಸಾಕು. ಹಿಡಿಯಲು ಪ್ರತಿ ಪಟ್ಟಿಗೆ ಎರಡು ಕಡೆ, ಎರಡಡಿ ಗೋಡೆಯನ್ನು ಹಾಯ್ದು ಆಚೆ ಪಡಸಾಲೆಗೆ ಹೋಗುವ ಹನ್ನೆರಡು ಎಂಎಂ ತಿರುಪಿನ ಸಲಾಕೆ. ಅದರ ಹಿಂತುದಿಗೆ ಅಂಗೈಗಿಂತ ದೊಡ್ಡ ಉಕ್ಕಿನ ಚಪ್ಪಟೆ ಪಟ್ಟಿ, ನಟ್ಟು. ಮಣ್ಣಿನ ಗೋಡೆ ಎಳೆತಕ್ಕೆ ಅಂಜುತ್ತದೆ, ಒತ್ತಡಕ್ಕಲ್ಲ. ಅಗಲವಾದ ಪಟ್ಟಿ ಹಿಂದಿನಿಂದ ಒತ್ತಿದರೆ ಎಳೆತವೆಲ್ಲ ಒತ್ತಡವಾಗಿ ಬದಲಾಗುತ್ತದೆ. ನಟ್ಟನ್ನು ವಿಪರೀತ ಬಿಗಿಯಬಾರದು, ಮಣ್ಣು ಕುಸಿಯುತ್ತದೆ. ಗೋಡೆ ಕೊರೆಯುವ ಮೊದಲು ವಿದ್ಯುತ್ ತಂತಿ, ನೀರಿನ ಕೊಳವೆ ಎಲ್ಲಿ ಹಾಯ್ದಿವೆ ಎಂದು ನೋಡಿಕೊಂಡು ಮೇನ್ ಸ್ವಿಚ್ ಆರಿಸಬೇಕು. ಮಕ್ಕಳು ಈ ಕೆಲಸವನ್ನು ದೊಡ್ಡವರಿಲ್ಲದೆ ಮಾಡಬಾರದು.

ಹಲಗೆಯ ಕೆಳಗೆ ಮೆಹ್ತರ್ ಮಹಲಿನ ತೋಳು. ಹಂಸಗಳಿಲ್ಲ, ಅಷ್ಟೇ. ಗೋಡೆಯ ಮೇಲೆ ಅದು 45 ಸೆಂಟಿಮೀಟರ್ ಕೆಳಗಿಳಿದಿದೆ. 340ನ್ನು 45ರಿಂದ ಭಾಗಿಸಿದರೆ ಏಳೂವರೆ ಕಿಲೋ, ಎರಡು ಬೋಲ್ಟಿಗೆ ಹಂಚಿ. ಯಾರಾದರೂ ಅಂಚು ಹಿಡಿದು ಜಗ್ಗಿದರೂ 22 ಕಿಲೋ ದಾಟದು. ಹಲಗೆಗೆ ಮುಕ್ಕಾಲು ಇಂಚಿನ ಪ್ಲೈವುಡ್. ಅರ್ಧ ಇಂಚು ಸಾಕಲ್ಲ ಎಂದು ನಾನು ಅಂದೆ. ಬಡಿಗೇರರು ತಲೆಯಾಡಿಸಿದರು. ಅವರದೇ ಸರಿ. ಹಲಗೆಯ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಒಂದೂವರೆ ಪಟ್ಟಾದರೆ ಬಿಗಿತ ಮೂರು ಪಟ್ಟು ಮಿಕ್ಕುತ್ತದೆ. ಪಠ್ಯದಲ್ಲಿರುವುದನ್ನು ಅವರು ಕೈಯಿಂದ ಕಲಿತಿದ್ದರು. ಪೆಟ್ಟಿಗೆಯ ನಾಲ್ಕು ಮೂಲೆಗೆ ಹಳೆಯ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ರಬ್ಬರಿನ ತುಂಡು, ಹಾಡಿನ ನಡುಕ ಹಲಗೆಗೆ ಇಳಿಯದಿರಲೆಂದು. ಮುಂದಿನ ಅಂಚಿಗೆ ಅರ್ಧ ಇಂಚಿನ ತಡೆಪಟ್ಟಿ, ಪೆಟ್ಟಿಗೆ ಜರುಗದಿರಲೆಂದು.

ಇನ್ನೊಂದು ಕೆಲಸ ಮೊದಲಿನ ಲೆಕ್ಕದಲ್ಲಿ ಇರಲಿಲ್ಲ. ಮಂಚದ ಬಲಕ್ಕೆ, ಅವ್ವನ ಕೈ ತಾನಾಗಿ ಹೋಗುವ ಎತ್ತರದಲ್ಲಿ, ಒಂದೂಕಾಲು ಇಂಚು ದಪ್ಪದ ದುಂಡನೆಯ ಮರದ ಹಿಡಿಕೆ. ಇದಕ್ಕೂ ಆರಪಾರ ಬೋಲ್ಟು. ಎತ್ತರ ಅಳೆಯಲು ಟೇಪು ಬೇಕಾಗಲಿಲ್ಲ. ಹಳೆಯ ಹಲಗೆಯ ಮೇಲಿನ ಎಣ್ಣೆಯ ಕಲೆ ಇತ್ತಲ್ಲ.

ಸ್ಪೀಕರನ್ನು ಆಗಲೇ ಏರಿಸಲಿಲ್ಲ. ಹೊರಬೇಕಾದ ಭಾರದ ಮೂರು ಪಟ್ಟು ಹೇರಿ ನೋಡಬೇಕೆಂದು ಹಟ ಹಿಡಿದೆ. ಮಂಚವನ್ನು ಪಡಸಾಲೆಗೆ ಸಾಗಿಸಿ, ಒಂದೊಂದು ಹಲಗೆಯ ಮೇಲೆ 25 ಕಿಲೋದ ಎರಡೆರಡು ಅಕ್ಕಿ ಚೀಲ ಇಟ್ಟು, ಗೋಡೆಯ ಮೇಲೆ ಪೆನ್ಸಿಲಿನ ಗುರುತು ಹಾಕಿದೆ. ಶಾಲೆಯ ಮಕ್ಕಳು ಸರದಿಯಲ್ಲಿ ಬಂದು ಗುರುತು ನೋಡಿ ಹೋದರು. ಮೂರು ದಿನವಾಯಿತು. ಗುರುತು ಇದ್ದಲ್ಲೇ ಇತ್ತು. ಮೂರನೆಯ ದಿನ ಸಂಜೆ ಅವ್ವ ಬಾಗಿಲಲ್ಲಿ ನಿಂತು ಚೀಲಗಳನ್ನು ನೋಡಿದಳು.

‘ಅಲ್ಲೋ ತಮ್ಮಾ, ಈ ಅಕ್ಕಿ ಯಾವಾಗ ಹಾಡತಾವ?’

ಮರುದಿನ ನಸುಕಿಗೆ ಚೀಲ ಇಳಿಸಿ ಅಣ್ಣನ ಪೆಟ್ಟಿಗೆಗಳನ್ನು ಏರಿಸಿದೆ. ಮನಸೂರರ ದನಿ ಎದ್ದಿತು. ಅವ್ವ ಪೂರ್ತಿ ಕೇಳಿ, ಹಿಡಿಕೆ ಹಿಡಿದು ಎದ್ದು, ಚಹಾಕ್ಕೆ ಹೋದಳು. ಈಗ ಆ ಹಿಡಿಕೆಯ ಮೇಲೆ ಸದಾ ಅವಳ ಟವೆಲ್ಲು ಒಣಗುತ್ತಿರುತ್ತದೆ.